ಗೆಲಾಕ್ಸಿ ಚಿತ್ರದ ಕೆಳಗೆ ಏನು ಬರೆಯಬೇಕು?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ವಿಜ್ಞಾನ ಪುಟದಲ್ಲಿ ಈಚೆಗೆ ಒಂದು ದೊಡ್ಡ ಬಣ್ಣದ ಚಿತ್ರ ಬಂದಿತ್ತು. ಐದಾರು ಗೆಲಾಕ್ಸಿಗಳು, ಅವುಗಳ ಸುತ್ತ ತಿಳಿನೀಲಿ ಬೆಳಕು, ಒಂದರಿಂದ ಇನ್ನೊಂದಕ್ಕೆ ಹೋಗುವ ಉದ್ದುದ್ದ ಎಳೆಗಳು. ಕೆಳಗೆ ‘ಗೆಲಾಕ್ಸಿಗಳ ನಡುವೆ ಅಲೆಯುವ ನಕ್ಷತ್ರಗಳ ಅಪರೂಪದ ಫೋಟೊ’ ಎಂದು ಬರೆದಿತ್ತು. ಅದು ಫೋಟೊ ಅಲ್ಲ. ಕಂಪ್ಯೂಟರ್ ಲೆಕ್ಕ ಹಾಕಿ ಬಿಡಿಸಿದ ಚಿತ್ರ. ತಪ್ಪು ಹಿಡಿಯಬೇಕು ಎಂದು ಈ ಪತ್ರ ಬರೆಯುತ್ತಿಲ್ಲ. ಇಷ್ಟು ದೂರದ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಅದಕ್ಕೆ ಸಂತೋಷವಿದೆ. ಚಿತ್ರದ ಕೆಳಗಿನ ಆ ಒಂದು ಸಾಲು ಸರಿಯಾಗಿದ್ದರೆ ಆ ಅರ್ಧ ಪುಟ ಓದುಗರಿಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತಿತ್ತು. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ನಾನು ಮಂಡ್ಯದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊ ನನ್ನ ಕಸುಬು. ರಾತ್ರಿ ಆಕಾಶದ ಫೋಟೊ ತೆಗೆಯುವುದು ನನ್ನ ಹುಚ್ಚು. ಅಮಾವಾಸ್ಯೆ ಹತ್ತಿರ ಬಂದರೆ ಕ್ಯಾಮೆರಾ, ಟ್ರೈಪಾಡ್ ಕಟ್ಟಿಕೊಂಡು ಮೇಲುಕೋಟೆ ಕಡೆ ಹೋಗುತ್ತೇನೆ. ಹಾಗಾಗಿ ನಿಮ್ಮ ಚಿತ್ರ ನೋಡಿದ ತಕ್ಷಣ ಕಣ್ಣಿಗೆ ಬಿದ್ದದ್ದು ಅದರಲ್ಲಿ ಇಲ್ಲದ ವಸ್ತುಗಳು. ದೂರದ ಗೆಲಾಕ್ಸಿಯನ್ನು ಯಾವ ದೂರದರ್ಶಕದಲ್ಲಿ ತೆಗೆದರೂ ನಮ್ಮದೇ ಕ್ಷೀರಪಥದ ನಕ್ಷತ್ರಗಳು ಮುಂದೆ ಅಡ್ಡ ಬಂದೇ ಬರುತ್ತವೆ. ಹೊಳಪು ಜಾಸ್ತಿ ಇರುವ ನಕ್ಷತ್ರದ ಸುತ್ತ ಮಸುಕು ವರ್ತುಲವೋ ಮುಳ್ಳಿನಂಥ ಗೆರೆಗಳೋ ಇರುತ್ತವೆ. ಕತ್ತಲೆ ಇರುವ ಕಡೆ ಸಣ್ಣ ಕಾಳು ಚೆಲ್ಲಿದಂಥ ನಾಯ್ಸ್ ಇರುತ್ತದೆ. ನಿಮ್ಮ ಚಿತ್ರದಲ್ಲಿ ಇವು ಯಾವುವೂ ಇರಲಿಲ್ಲ. ಹಿನ್ನೆಲೆ ಪೂರ್ತಿ ನುಣ್ಣಗೆ, ಕಪ್ಪಗೆ ಇತ್ತು. ನಿಜವಾದ ಆಕಾಶ ಅಷ್ಟು ಕಪ್ಪಗೆ ಇರುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಚಿತ್ರವನ್ನು ಮೈಸೂರಿನಲ್ಲಿರುವ ಅಕ್ಕನ ಮಗಳಿಗೆ ಕಳಿಸಿದೆ. ಮಾನಸಗಂಗೋತ್ರಿಯಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿದವಳು. ಅವಳ ಪ್ರಾಜೆಕ್ಟ್ ಇಂಥ ಸಿಮ್ಯುಲೇಶನ್‌ಗಳ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಡೆಸಿ ನೋಡುವ ನಕಲುಗಳ ಮೇಲೆಯೇ ಇತ್ತು. ‘ಹೌದು ಮಾವ, ಇದು ಸಿಮ್ಯುಲೇಶನ್ನೇ. ಇಷ್ಟು ಬೆಳಕು ಯಾವ ಕ್ಯಾಮೆರಾಗೂ ಸಿಕ್ಕಲ್ಲ’ ಅಂದಳು. ಇಂಥ ಚಿತ್ರ ಮಾಡುವ ವಿಜ್ಞಾನಿಗಳು ಅದು ಲೆಕ್ಕದ ಚಿತ್ರ ಎಂದು ಹೇಳಿಯೇ ಕೊಡುತ್ತಾರಂತೆ. ಸುದ್ದಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುವಾಗ ಆ ಮಾತು ಎಲ್ಲೋ ಬಿದ್ದುಹೋಗಿದೆ.

ಅವಳ ಮಾತಿನಲ್ಲಿ ಒಂದು ನನ್ನನ್ನು ಹಿಡಿದುಕೊಂಡಿತು. ‘ಯಾವ ಕ್ಯಾಮೆರಾಗೂ ಸಿಕ್ಕಲ್ಲ’ ಅನ್ನುವುದು. ಈ ಬೆಳಕು ನಿಜಕ್ಕೂ ಇದೆ. ಆದರೆ ಹಾಗೆ ಕಾಣುವುದಿಲ್ಲ. ಇಡೀ ವಿಷಯದ ಸ್ವಾರಸ್ಯ ಇರುವುದು ಅಲ್ಲೇ.

ಮೊದಲು ಆ ಬೆಳಕು ಏನು ಅಂತ ಹೇಳಬೇಕು. ನಕ್ಷತ್ರಗಳೆಲ್ಲ ಯಾವುದಾದರೂ ಒಂದು ಗೆಲಾಕ್ಸಿಯೊಳಗೆ ಇರುತ್ತವೆ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಎಲ್ಲವೂ ಇರುವುದಿಲ್ಲ. ಫ್ರಿಟ್ಸ್ ಜ್ವಿಕಿ ಎಂಬ ವಿಜ್ಞಾನಿ 1951ರಲ್ಲಿ, ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಕೋಮಾ ಎಂಬ ಗೆಲಾಕ್ಸಿ ಸಮೂಹದಲ್ಲಿ, ಗೆಲಾಕ್ಸಿಗಳ ನಡುವೆಯೂ ಮಂಕು ಬೆಳಕು ಹರಡಿದೆ ಎಂದು ಬರೆದರು. ಕಾಣದ ದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್ ಇರಬೇಕು ಎಂದು 1933ರಲ್ಲೇ ಇದೇ ಸಮೂಹ ನೋಡಿ ಹೇಳಿದವರು ಅವರೇ. ಈ ಮಂಕು ಬೆಳಕು ಗೆಲಾಕ್ಸಿಗಳಿಂದ ಕಿತ್ತು ಹೊರಗೆ ಬಿದ್ದ ನಕ್ಷತ್ರಗಳದು. ಆಮೇಲೆ ಬೇರೆ ದಾರಿಯಲ್ಲೂ ಇದಕ್ಕೆ ಸಾಕ್ಷಿ ಸಿಕ್ಕಿತು. 5 ಕೋಟಿ ಚಿಲ್ಲರೆ ಜ್ಯೋತಿರ್ವರ್ಷ ದೂರದ ಕನ್ಯಾ ಸಮೂಹದಲ್ಲಿ, ಯಾವ ಗೆಲಾಕ್ಸಿಗೂ ಸೇರದ ಬಿಡಿ ಕೆಂಪು ದೈತ್ಯ ನಕ್ಷತ್ರಗಳನ್ನು ಹಬಲ್ ದೂರದರ್ಶಕ ಹಿಡಿಯಿತು. ಅದು 1998ರಲ್ಲಿ ಪ್ರಕಟವಾಯಿತು. ಹಾಗಾಗಿ ಇದು ಊಹೆ ಅಲ್ಲ.

ದೊಡ್ಡ ಸಮೂಹಗಳಲ್ಲಿ ಸಾವಿರಾರು ಗೆಲಾಕ್ಸಿಗಳಿರುತ್ತವೆ. ನಿಮ್ಮ ಚಿತ್ರದಲ್ಲಿದ್ದದ್ದು ಸಣ್ಣ ಗುಂಪು. ಸಣ್ಣ ಗುಂಪು ಅಂದರೆ ಕಡಿಮೆ ಮಹತ್ವದ್ದು ಅಂದುಕೊಳ್ಳಬಾರದು. ವಿಶ್ವದಲ್ಲಿ ಬಹಳಷ್ಟು ಗೆಲಾಕ್ಸಿಗಳು ಇರುವುದು ಇಂಥ ಗುಂಪುಗಳಲ್ಲೇ. ನಮ್ಮ ಕ್ಷೀರಪಥವೂ 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಮತ್ತು ಹತ್ತಾರು ಪುಟ್ಟ ಗೆಲಾಕ್ಸಿಗಳ ಜೊತೆ ಒಂದು ಗುಂಪಿನಲ್ಲೇ ಇದೆ. ಗುಂಪಿನಲ್ಲಿ ನಕ್ಷತ್ರ ಕಿತ್ತುಬರುವುದು ಸುಲಭ. ಕಾರಣ ವೇಗ. ದೊಡ್ಡ ಸಮೂಹದಲ್ಲಿ ಗೆಲಾಕ್ಸಿಗಳು ಸೆಕೆಂಡಿಗೆ 1000 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಒಂದರ ಪಕ್ಕ ಒಂದು ಹಾದುಹೋಗುತ್ತವೆ. ಒಂದನ್ನೊಂದು ಎಳೆಯಲು ಸಮಯವೇ ಸಿಗುವುದಿಲ್ಲ. ಗುಂಪಿನಲ್ಲಿ ಆ ವೇಗ ಕೆಲವು ನೂರು ಕಿಲೋಮೀಟರ್ ಅಷ್ಟೇ. ನಮ್ಮ ಸೂರ್ಯ ಕ್ಷೀರಪಥವನ್ನು ಸುತ್ತುವುದೂ ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ. ಒಳಗಿನ ನಕ್ಷತ್ರ ಓಡುವ ವೇಗವೂ ಹೊರಗಿನ ಗೆಲಾಕ್ಸಿ ಹಾದುಹೋಗುವ ವೇಗವೂ ಹೆಚ್ಚುಕಡಿಮೆ ಒಂದೇ ಆದಾಗ ಎಳೆತ ಚೆನ್ನಾಗಿ ನಾಟುತ್ತದೆ. ಹತ್ತಿರದ ಮಗ್ಗುಲಿಗೆ ಸೆಳೆತ ಜಾಸ್ತಿ, ಆಚೆ ಮಗ್ಗುಲಿಗೆ ಕಡಿಮೆ. ಈ ವ್ಯತ್ಯಾಸ ಗೆಲಾಕ್ಸಿಯನ್ನು ಉದ್ದಕ್ಕೆ ಎಳೆದು, ಅಂಚಿನ ನಕ್ಷತ್ರಗಳನ್ನು ಹೊರಗೆ ಬಿಡುತ್ತದೆ. ಸಮುದ್ರದಲ್ಲಿ ಉಬ್ಬರವಿಳಿತ ಆಗುವುದಕ್ಕೂ ಇದೇ ಕಾರಣ. ದೊಡ್ಡ ಸಮೂಹಗಳಲ್ಲಿ ಈಗ ಕಾಣುವ ಬೆಳಕಿನಲ್ಲೂ ಒಂದು ಪಾಲು, ಮೊದಲು ಗುಂಪುಗಳಲ್ಲಿ ಕಿತ್ತುಬಂದು ಆಮೇಲೆ ಗುಂಪಿನ ಸಮೇತ ಒಳಗೆ ಸೇರಿದ್ದು ಎಂದು ತಿಳಿದವರು ಹೇಳುತ್ತಾರೆ.

ಗುಂಪಿಗೆ ಹೆಸರಾದ ಉದಾಹರಣೆ ಸ್ಟೀಫನ್ಸ್ ಕ್ವಿಂಟೆಟ್. ಫ್ರಾನ್ಸಿನ ಎಡ್ವಾರ್ ಸ್ಟೀಫಾನ್ 1877ರಲ್ಲಿ ಮಾರ್ಸೇಯಿಂದ ನೋಡಿದ್ದು. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ಇದೂ ಒಂದಾಗಿತ್ತು. ಅದರ ಐದು ಗೆಲಾಕ್ಸಿಗಳಲ್ಲಿ ನಾಲ್ಕು ಸುಮಾರು 29 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಐದನೆಯದು ಬರೀ 4 ಕೋಟಿ ದೂರದ್ದು, ಸುಮ್ನೆ ದಾರಿಗೆ ಅಡ್ಡ ನಿಂತಿದೆ. ನಿಜವಾದ ಫೋಟೊ ಅಂದರೆ ಹೀಗೆ. ಸಂಬಂಧ ಇಲ್ಲದವರೂ ಫ್ರೇಮಿನೊಳಗೆ ಬರುತ್ತಾರೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಈ ಬೆಳಕನ್ನು ಫೋಟೊದಲ್ಲಿ ಹಿಡಿಯುವುದು ಎಷ್ಟು ಕಷ್ಟ ಎಂಬುದು ಓದುಗರಿಗೆ ಗೊತ್ತಾಗಬೇಕು. ಮೇಲುಕೋಟೆ ಬೆಟ್ಟದ ಮೇಲೆ ನಿಂತರೆ ದಕ್ಷಿಣಕ್ಕೆ ಮೈಸೂರಿನ ದೀಪಗಳ ಹೊಳಪು ಮೋಡದ ಹಾಗೆ ಕಾಣುತ್ತದೆ. ದಸರಾ ಸಮಯದಲ್ಲಿ ಇನ್ನೂ ಮೇಲಕ್ಕೆ ಏರಿರುತ್ತದೆ. ಚಳಿಗಾಲದಲ್ಲಿ ಆಲೆಮನೆ ಹೊಗೆ ಮಂಜಿನ ಜೊತೆ ಸೇರಿ ಕಬ್ಬಿನ ಗದ್ದೆಗಳ ಮೇಲೆ ಕೂತುಬಿಡುತ್ತದೆ. ಆಗ ಆಕಾಶದ ಅಂಚು ಪೂರ್ತಿ ಹಳದಿ. ಇದನ್ನೆಲ್ಲ ಬಿಟ್ಟು ಲಡಾಖಿನ ಹಾನ್ಲೆಯಂಥ ಗಾಢ ಕತ್ತಲೆಯ ಜಾಗಕ್ಕೆ ಹೋದರೂ ಆಕಾಶ ತಾನೇ ಸ್ವಲ್ಪ ಹೊಳೆಯುತ್ತಿರುತ್ತದೆ. ವಾತಾವರಣದ ಮೇಲ್ಪದರದ ಹೊಳಪು ಒಂದು, ಸೌರಮಂಡಲದ ಧೂಳಿನ ಮೇಲೆ ಬಿದ್ದ ಬಿಸಿಲಿನ ಹೊಳಪು ಇನ್ನೊಂದು. ಗೆಲಾಕ್ಸಿಗಳ ನಡುವಿನ ಬೆಳಕು ಆ ಕತ್ತಲೆ ಆಕಾಶದ ಹೊಳಪಿಗಿಂತ ನೂರು ಪಟ್ಟು ಕಡಿಮೆ. ಅಂಚಿಗೆ ಹೋದಂತೆ ಸಾವಿರ ಪಟ್ಟು ಕಡಿಮೆ. ಅಂದರೆ ಫೋಟೊದಲ್ಲಿ ದಾಖಲಾದ ಹಿನ್ನೆಲೆಯಲ್ಲಿ 99 ಪಾಲು ಬೇಡದ್ದು, 1 ಪಾಲು ಬೇಕಾದ್ದು.

ಆ 99 ಪಾಲನ್ನು ಕಳೆಯುವಾಗ ಸ್ವಲ್ಪ ಹೆಚ್ಚು ಕಳೆದರೂ ಬೇಕಾದ್ದು ಪೂರ್ತಿ ಹೋಗುತ್ತದೆ. ಕಡಿಮೆ ಕಳೆದರೆ ಇಲ್ಲದ ಬೆಳಕು ಹುಟ್ಟುತ್ತದೆ. ಲೆನ್ಸಿನ ಮೂಲೆಗಳು ನಡುವಿಗಿಂತ ಮಂಕು ಎಂಬುದು ಸ್ಟುಡಿಯೊದವರಿಗೆಲ್ಲ ಗೊತ್ತು. ಅದನ್ನು ಸರಿಮಾಡಲು ನಾವು ಒಂದೇ ಸಮ ಬೆಳಕಿರುವ ಬಿಳಿ ಮೇಲ್ಮೈಯ ಫೋಟೊ ತೆಗೆದು ಅದರಿಂದ ಭಾಗಿಸುತ್ತೇವೆ. ಫ್ಲಾಟ್ ಅನ್ನುತ್ತೇವೆ. ಮದುವೆ ಫೋಟೊಗೆ ಆ ಫ್ಲಾಟ್ ನೂರಕ್ಕೆ ಒಂದರಷ್ಟು ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಆ ಒಂದೇ ಎಲ್ಲ. ಫ್ರೇಮಿನ ಹೊರಗಿರುವ ನಕ್ಷತ್ರದ ಬೆಳಕು ಲೆನ್ಸಿನ ಗಾಜುಗಳ ನಡುವೆ ಪುಟಿದು ಮಸುಕು ಕಲೆಯಾಗಿ ಬೀಳುತ್ತದೆ. ಇದು ಸಾಲದು ಅಂತ ನಮ್ಮ ಕ್ಷೀರಪಥದಲ್ಲೇ ತೇಲುವ ಧೂಳಿನ ಮೋಡಗಳಿವೆ. ಅವು ನಕ್ಷತ್ರಗಳ ಬೆಳಕನ್ನು ಚೆದುರಿಸಿ, ನೋಡಲು ಥೇಟ್ ಗೆಲಾಕ್ಸಿಗಳ ನಡುವಿನ ಎಳೆಗಳಂತೆಯೇ ಕಾಣುತ್ತವೆ.

ಇದನ್ನು ಗೆಲ್ಲಲು ಒಂದು ತಂಡ ಮಾಡಿದ ಕೆಲಸ ಫೋಟೊ ತೆಗೆಯುವವರಿಗೆ ಬಹಳ ಇಷ್ಟವಾಗುತ್ತದೆ. ಪೀಟರ್ ವ್ಯಾನ್ ಡೊಕ್ಕುಮ್ ಮತ್ತು ರಾಬರ್ಟೊ ಅಬ್ರಹಾಂ ಎಂಬ ವಿಜ್ಞಾನಿಗಳು ದೊಡ್ಡ ಕನ್ನಡಿಯ ದೂರದರ್ಶಕ ಕಟ್ಟಲಿಲ್ಲ. ಅಂಗಡಿಯಲ್ಲಿ ಸಿಗುವ ಕ್ಯಾನನ್ 400 ಎಂಎಂ ಎಫ್ 2.8 ಲೆನ್ಸುಗಳನ್ನು ಒಟ್ಟಿಗೆ ಜೋಡಿಸಿ ಒಂದೇ ಕಡೆ ತಿರುಗಿಸಿದರು. ಡ್ರ್ಯಾಗನ್‌ಫ್ಲೈ ಎಂದು ಹೆಸರು, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿದೆ. ಕೆಲವೇ ಲೆನ್ಸುಗಳಿಂದ ಶುರುವಾಗಿ 48ಕ್ಕೆ ಬೆಳೆಯಿತು. ಈ ಲೆನ್ಸಿನ ಗಾಜಿಗೆ ಇರುವ ವಿಶೇಷ ಲೇಪನ ಒಳಗಿನ ಪುಟಿತವನ್ನು ಬಹಳ ಕಡಿಮೆ ಮಾಡುತ್ತದೆ, ಅದಕ್ಕೇ ಇದನ್ನು ಆರಿಸಿದರು. ರಂಗನತಿಟ್ಟಿನ ದೋಣಿಯಲ್ಲೋ ಕಬಿನಿಯ ಜೀಪಿನಲ್ಲೋ ಉದ್ದ ಬಿಳಿ ಲೆನ್ಸ್ ಹಿಡಿದು ಕೂತವರನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ. ಆ ಜಾತಿಯ ಲೆನ್ಸೇ ಇದು. ಸುದ್ದಿ ಬರೆಯುವಾಗ ಇಂಥ ಒಂದು ಸಾಲು ಹಾಕಿದರೆ ಹುಡುಗರು ಬಿಡದೆ ಓದುತ್ತಾರೆ ಅಲ್ವಾ?

ಈಚಿನ ದೊಡ್ಡ ಫಲ ಯೂಕ್ಲಿಡ್ ದೂರದರ್ಶಕದ್ದು. ಯುರೋಪಿನವರು 2023ರ ಜುಲೈನಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ್ದು. 24 ಕೋಟಿ ಜ್ಯೋತಿರ್ವರ್ಷ ದೂರದ ಪರ್ಸಿಯಸ್ ಸಮೂಹದಲ್ಲಿ ಅದು ಈ ಬೆಳಕನ್ನು ಅಳೆಯಿತು. ಸುಮಾರು ಒಂದೂವರೆ ಲಕ್ಷ ಕೋಟಿ ನಕ್ಷತ್ರಗಳಿಗೆ ಸಮನಾದ ಬೆಳಕು ಎಂದು 2024ರಲ್ಲಿ ತಿಳಿಸಿದರು.

ಇಷ್ಟೆಲ್ಲ ಕಷ್ಟಪಟ್ಟು ತೆಗೆದರೂ ಫೋಟೊ ಹೇಳುವುದು ಈಗ ಏನಿದೆ ಎಂಬುದನ್ನು ಮಾತ್ರ. ಗೆಲಾಕ್ಸಿಗಳು ಹತ್ತಿರ ಬಂದು, ಎಳೆದಾಡಿ, ಸೇರಿಹೋಗುವುದಕ್ಕೆ ನೂರಾರು ಕೋಟಿ ವರ್ಷ ಬೇಕು. ನಮಗೆ ಪ್ರತಿಯೊಂದು ಗುಂಪಿನಿಂದ ಸಿಗುವುದು ಒಂದೇ ಒಂದು ಫ್ರೇಮ್. ಆಲ್ಬಮ್ಮಿನಿಂದ ಒಂದು ಫೋಟೊ ಕಿತ್ತು ಕೊಟ್ಟು, ಮದುವೆ ವರಪೂಜೆಯಿಂದ ಬೀಗರ ಊಟದವರೆಗೆ ಹೇಗೆ ನಡೆಯಿತು ಹೇಳು ಅಂದ ಹಾಗೆ. ಸಿಮ್ಯುಲೇಶನ್ ಬೇಕಾಗುವುದು ಇಲ್ಲಿ.

ಇದರ ಮೊದಲ ಪ್ರಯೋಗದ ಕಥೆಯನ್ನು ಅಕ್ಕನ ಮಗಳು ಹೇಳಿದಾಗ ನಾನು ರೋಮಾಂಚನಗೊಂಡೆ. ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ 1941ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಎರಡು ಗೆಲಾಕ್ಸಿ ಹತ್ತಿರ ಹಾದುಹೋದರೆ ಏನಾಗುತ್ತದೆ ಎಂದು ಲೆಕ್ಕ ಮಾಡಿದರು. ಬಲ್ಬುಗಳಿಂದ! ಒಂದೊಂದು ಗೆಲಾಕ್ಸಿಗೆ 37, ಒಟ್ಟು 74 ಬಲ್ಬು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದಾಗುತ್ತದೆ. ಸ್ಟುಡಿಯೊದಲ್ಲಿ ಫ್ಲ್ಯಾಶ್ ಇಡುವಾಗ ನಾನು ದಿನಾ ಬಳಸುವ ನಿಯಮ ಇದು. ಗುರುತ್ವದ ಸೆಳೆತವೂ ಅದೇ ನಿಯಮದಂತೆ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಬಲ್ಬ್ ಇರುವ ಜಾಗದಲ್ಲಿ ಉಳಿದ ಬಲ್ಬುಗಳ ಬೆಳಕು ಯಾವ ಕಡೆಯಿಂದ ಎಷ್ಟು ಬೀಳುತ್ತದೆ ಎಂದು ಅಳೆದರೆ ಅಲ್ಲಿನ ಸೆಳೆತ ಗೊತ್ತಾಯಿತು. ಅದರಂತೆ ಬಲ್ಬನ್ನು ಸ್ವಲ್ಪ ಸರಿಸುವುದು, ಮತ್ತೆ ಅಳೆಯುವುದು, ಮತ್ತೆ ಸರಿಸುವುದು. ಹತ್ತಿರ ಬಂದ ಎರಡು ಬಲ್ಬುಗುಂಪುಗಳ ಆಕಾರ ಕೆಟ್ಟು ಎಳೆದುಕೊಳ್ಳುವುದನ್ನು ಅವರು ಹೀಗೆ ತೋರಿಸಿದರು. ಮೈಸೂರು ಅರಮನೆಯ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ನೋಡಿ ಬೆಳೆದವರು ನಾವು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಿಸಿದ ಜಿಲ್ಲೆ ನಮ್ಮದು. ಬಲ್ಬಿನಿಂದ ಗೆಲಾಕ್ಸಿ ಲೆಕ್ಕ ಮಾಡಿದ ಈ ಮನುಷ್ಯನ ಕಥೆ ನಮ್ಮ ಮಕ್ಕಳಿಗೆ ತಲುಪಲೇಬೇಕು.

ಆಮೇಲೆ 1972ರಲ್ಲಿ ಅಲಾರ್ ಟೂಮ್ರೆ, ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು ಕಂಪ್ಯೂಟರಿನಲ್ಲಿ ಇದನ್ನೇ ಮಾಡಿ, ಗೆಲಾಕ್ಸಿಗಳ ಉದ್ದ ಬಾಲಗಳೂ ನಡುವಿನ ಸೇತುವೆಗಳೂ ಬರೀ ಗುರುತ್ವದಿಂದ ಹುಟ್ಟಬಲ್ಲವು ಎಂದು ತೋರಿಸಿದರು. ಈಗಿನವು ಬಹಳ ದೊಡ್ಡವು. ಇಲಸ್ಟ್ರಿಸ್ ಟಿಎನ್‌ಜಿ ಎಂಬುದು ಅವುಗಳಲ್ಲಿ ಹೆಸರಾದದ್ದು. ಇದರಲ್ಲಿ ಮೂರು ಅಳತೆಯ ಪೆಟ್ಟಿಗೆಗಳಿವೆ, ಅಂದರೆ ಲೆಕ್ಕಕ್ಕೆ ತೆಗೆದುಕೊಂಡ ವಿಶ್ವದ ತುಂಡುಗಳು. ದೊಡ್ಡದರ ಒಂದು ಮಗ್ಗುಲು ಸುಮಾರು 100 ಕೋಟಿ ಜ್ಯೋತಿರ್ವರ್ಷ, ಚಿಕ್ಕದರದು ಸುಮಾರು 17 ಕೋಟಿ. ವಿಶ್ವ ಹುಟ್ಟಿದ ಸ್ವಲ್ಪ ಕಾಲಕ್ಕೆ ದ್ರವ್ಯ ಹೇಗೆ ಹರಡಿತ್ತು ಎಂಬುದು ಆಗಿನ ಕಾಲದಿಂದ ಉಳಿದ ಸೂಕ್ಷ್ಮ ತರಂಗಗಳನ್ನು ಅಳೆದವರಿಂದ ಗೊತ್ತಾಗಿದೆ. ಅಲ್ಲಿಂದ ಶುರುಮಾಡಿ, ಗುರುತ್ವ, ಅನಿಲದ ಹರಿವು, ನಕ್ಷತ್ರ ಹುಟ್ಟುವ ಲೆಕ್ಕ, ಕಪ್ಪುಕುಳಿಗಳು ಉಗುಳುವ ಶಕ್ತಿ ಎಲ್ಲ ಸೇರಿಸಿ ಇವತ್ತಿನವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತಾರೆ. ಇಂಥ ಜಾಗದಲ್ಲಿ ಗುಂಪು ಹುಟ್ಟಲಿ, ಹೀಗೆ ಬೆಳಕು ಚೆಲ್ಲಲಿ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಅದು ತಾನೇ ಹುಟ್ಟುತ್ತದೆ. ನಿಮ್ಮ ಪುಟದ ಚಿತ್ರದ ನಿಜವಾದ ಬೆರಗು ಇದೇ ಆಗಿತ್ತು. ಫೋಟೊ ಎಂದು ಬರೆದಿದ್ದರಿಂದ ಅದೇ ಓದುಗರಿಗೆ ತಪ್ಪಿಹೋಯಿತು.

ಇನ್ನೊಂದು ಲಾಭ ಇದೆ. ಸಿಮ್ಯುಲೇಶನ್ನಿನಲ್ಲಿ ಪ್ರತಿ ಚುಕ್ಕಿಯ ಪೂರ್ತಿ ಚರಿತ್ರೆ ಇರುತ್ತದೆ. ಈಗ ನಡುವೆ ಅಲೆಯುತ್ತಿರುವ ಈ ಚುಕ್ಕಿ ಯಾವ ಗೆಲಾಕ್ಸಿಯಲ್ಲಿ ಹುಟ್ಟಿತ್ತು, ಯಾವಾಗ ಕಿತ್ತುಬಂತು ಎಂದು ಹಿಂದಕ್ಕೆ ಹೋಗಿ ನೋಡಬಹುದು. ಫೋಟೊದಲ್ಲಿ ಇದು ಸಾಧ್ಯವೇ ಇಲ್ಲ. ಬೆಳಕಿನಲ್ಲಿ ಜಾಸ್ತಿ ಪಾಲು ಕ್ಷೀರಪಥದಂಥ ದೊಡ್ಡ ಗೆಲಾಕ್ಸಿಗಳಿಂದ ಬಂದದ್ದು, ಪುಟ್ಟವು ಸಂಖ್ಯೆಯಲ್ಲಿ ಹೆಚ್ಚಿದ್ದರೂ ಕೊಟ್ಟದ್ದು ಕಡಿಮೆ ಎಂದು ಹಲವು ಸಿಮ್ಯುಲೇಶನ್‌ಗಳು ಹೇಳುತ್ತವೆ. ಅಲೆಯುವ ನಕ್ಷತ್ರಗಳು ಕಾಣದ ದ್ರವ್ಯ ಎಳೆದತ್ತ ಹರಡಿಕೊಳ್ಳುವುದರಿಂದ, ಆ ದ್ರವ್ಯ ಎಲ್ಲಿದೆ ಎಂದು ಈ ಬೆಳಕನ್ನು ನೋಡಿಯೇ ಗುರುತಿಸಬಹುದು ಎಂದು ಮಿರೆಯಾ ಮೊಂಟೆಸ್ ಮತ್ತು ಇಗ್ನಾಸಿಯೊ ಟ್ರುಹಿಯೊ 2019ರಲ್ಲಿ ಹಬಲ್ ಚಿತ್ರಗಳಿಂದ ತೋರಿಸಿದರು. ಅದು ಸಮೂಹಗಳ ಮಾತು. ಗುಂಪುಗಳಲ್ಲಿ ಒಂದರಿಂದ ಒಂದಕ್ಕೆ ಬಹಳ ವ್ಯತ್ಯಾಸ ಇದೆ. ಸೆಫರ್ಟ್ಸ್ ಸೆಕ್ಸ್‌ಟೆಟ್ ಎಂಬ ಗುಂಪಿನ ಒಟ್ಟು ಬೆಳಕಿನಲ್ಲಿ ಅರ್ಧದ ಹತ್ತಿರ ಗೆಲಾಕ್ಸಿಗಳ ಹೊರಗೇ ಇದೆ ಎಂದು ಅಳೆದವರಿದ್ದಾರೆ. ಅದೇ ತಂಡಕ್ಕೆ ಇನ್ನೊಂದು ಗುಂಪಿನಲ್ಲಿ ಏನೂ ಸಿಗಲಿಲ್ಲ.

ಇಷ್ಟು ಹೊಗಳಿದ ಮೇಲೆ ಸಿಮ್ಯುಲೇಶನ್ನಿನ ಮಿತಿಯನ್ನೂ ಹೇಳಬೇಕು. ನಿಮ್ಮ ಚಿತ್ರದ ಕೆಳಗೆ ಬರಬೇಕಾದದ್ದು ಇದೂ ಕೂಡ. ಅದರಲ್ಲಿ ಒಂದು ಚುಕ್ಕಿ ಅಂದರೆ ಒಂದು ನಕ್ಷತ್ರ ಅಲ್ಲ. ಟಿಎನ್‌ಜಿಯ ನಡುವಿನ ಪೆಟ್ಟಿಗೆಯಲ್ಲಿ ಒಂದು ಚುಕ್ಕಿ ಸುಮಾರು 14 ಲಕ್ಷ ಸೂರ್ಯರ ತೂಕ. ದೊಡ್ಡ ಪೆಟ್ಟಿಗೆಯಲ್ಲಿ ಕೋಟಿ ದಾಟುತ್ತದೆ. ಚಿಕ್ಕ ಪೆಟ್ಟಿಗೆಯಲ್ಲಿ 85 ಸಾವಿರ. ಒಂದು ಕೋಟಿ ಸೂರ್ಯರ ತೂಕದ ಪುಟ್ಟ ಗೆಲಾಕ್ಸಿ ದೊಡ್ಡ ಪೆಟ್ಟಿಗೆಯಲ್ಲಿ ಒಂದೇ ಚುಕ್ಕಿ. ಒಂದು ಚುಕ್ಕಿ ಹರಿದು ಎಳೆಯಾಗುವುದು ಹೇಗೆ? ಚುಕ್ಕಿಗಳು ಕಡಿಮೆ ಇರುವ ಗೆಲಾಕ್ಸಿ ಇರಬೇಕಾದ್ದಕ್ಕಿಂತ ಬೇಗ ಚೆದುರಿಹೋಗುವ ತೊಂದರೆಯೂ ಇದೆ. ಹಾಗಾದಾಗ ನಡುವಿನ ಬೆಳಕು ಸುಳ್ಳಾಗಿ ಹೆಚ್ಚಬಹುದು. ಚಿತ್ರ ನುಣ್ಣಗೆ ಕಾಣುವುದು ಒಂದೊಂದು ಚುಕ್ಕಿಯನ್ನೂ ಅಗಲಕ್ಕೆ ಹರಡಿ ಬಣ್ಣ ಹಚ್ಚುವುದರಿಂದ.

ಗೆಲಾಕ್ಸಿ ಎಲ್ಲಿ ಮುಗಿಯಿತು, ನಡುವಿನ ಬೆಳಕು ಎಲ್ಲಿ ಶುರುವಾಯಿತು ಎಂಬ ಪ್ರಶ್ನೆಯಂತೂ ಇನ್ನೂ ಗಟ್ಟಿ. ಆಕಾಶದಲ್ಲಿ ಗೆರೆ ಎಳೆದಿಲ್ಲ. ಫೋಟೊ ನೋಡುವವರು ಇಷ್ಟಕ್ಕಿಂತ ಮಂಕಾದದ್ದು ಹೊರಗಿನದು ಎಂದು ಒಂದು ಮಟ್ಟ ಇಟ್ಟುಕೊಳ್ಳುತ್ತಾರೆ. ಸಿಮ್ಯುಲೇಶನ್ ಮಾಡುವವರಲ್ಲಿ ಕೆಲವರು ನಡುವಿನಿಂದ 1 ಲಕ್ಷ ಜ್ಯೋತಿರ್ವರ್ಷದ ಆಚೆ ಅನ್ನುತ್ತಾರೆ, ಕೆಲವರು 3 ಲಕ್ಷದ ಆಚೆ ಅನ್ನುತ್ತಾರೆ. ಇನ್ನು ಕೆಲವರು ನಕ್ಷತ್ರ ಯಾವುದರ ಸೆಳೆತಕ್ಕೆ ಕಟ್ಟುಬಿದ್ದಿದೆ ಎಂದು ನೋಡುತ್ತಾರೆ. ಅದೇ ಗುಂಪು, ಅದೇ ನಕ್ಷತ್ರಗಳು. ಗೆರೆ ಬದಲಾದರೆ ಉತ್ತರ ಬದಲಾಗುತ್ತದೆ. ಆದ್ದರಿಂದ ‘ಇಷ್ಟು ಶೇಕಡಾ ನಕ್ಷತ್ರಗಳು ಹೊರಗಿವೆ’ ಎಂದು ಸುದ್ದಿಯಲ್ಲಿ ಬರೆಯುವಾಗ ಗೆರೆ ಎಲ್ಲಿ ಎಳೆದರು ಎಂದೂ ಒಂದು ಮಾತು ಸೇರಿಸಬೇಕು.

ಅಕ್ಕನ ಮಗಳು ಪ್ರಾಜೆಕ್ಟಿನಲ್ಲಿ ಮಾಡಿದ್ದು ಈ ಜಗಳವನ್ನು ಬಿಡಿಸುವ ಒಂದು ಕೆಲಸ. ಟಿಎನ್‌ಜಿಯವರು 2018ರ ಡಿಸೆಂಬರಿನಿಂದ ಡೇಟಾವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೆಸರು ನೋಂದಾಯಿಸಿಕೊಂಡರೆ ಸಾಕು. ತನಗೆ ಬೇಕಾದ ಒಂದು ಗುಂಪಿನದಷ್ಟನ್ನೇ ಅವಳು ಮನೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಅದರಿಂದ ಒಂದು ಚಿತ್ರ ಮಾಡಿದಳು, ನಿಮ್ಮ ಪುಟದಲ್ಲಿದ್ದಂಥದ್ದೇ. ಆಮೇಲೆ ಅದನ್ನು ಬೇಕೆಂದೇ ಕೊಳೆ ಮಾಡಿದಳು. ಆಕಾಶದ ಹೊಳಪು ಸೇರಿಸಿದಳು, ನಾಯ್ಸ್ ಸೇರಿಸಿದಳು, ಲೆನ್ಸಿನ ಪುಟಿತ ಸೇರಿಸಿದಳು. ಪುಟಿತ ಹೇಗಿರುತ್ತದೆ ಎಂದು ನನ್ನ ಹಾಳಾದ ಫ್ರೇಮುಗಳನ್ನು ತರಿಸಿಕೊಂಡು ನೋಡಿದಳು. ‘ಮಾವ, ಈಗ ಇದನ್ನ ನಿಜವಾದ ಫೋಟೊ ಅಂದ್ಕೊಂಡು ಅಳೀತೀನಿ. ಆಗ ಹೋಲಿಕೆಗೆ ಅರ್ಥ ಬರುತ್ತೆ’ ಅಂದಳು. ಕೊಳೆಯಾದ ಚಿತ್ರದಲ್ಲಿ ಎಳೆಗಳೆಲ್ಲ ಮುಳುಗಿಹೋದವು. ದೊಡ್ಡ ಗೆಲಾಕ್ಸಿಯ ಸುತ್ತ ಒಂದಿಷ್ಟು ಮಂಕು ಬಿಳುಪು ಮಾತ್ರ ಉಳಿಯಿತು. ದೊಡ್ಡ ದೂರದರ್ಶಕದ ವಿಜ್ಞಾನಿಗಳೂ ಇದೇ ದಾರಿ ಹಿಡಿಯುತ್ತಾರೆ ಎಂದು ಅವಳಿಂದ ತಿಳಿಯಿತು.

ಫೋಟೊ ಎಂದು ಬರೆದರೆ ಆಗುವ ಹಾನಿಯನ್ನು ನಾನು ಸ್ಟುಡಿಯೊದಲ್ಲಿ ದಿನಾ ನೋಡುತ್ತೇನೆ. ಈಗ ಯಾವ ಚಿತ್ರ ತೋರಿಸಿದರೂ ಜನ ಮೊದಲು ಕೇಳುವುದು ‘ಇದು ಎಐ ಅಲ್ವಾ?’ ಎಂದು. ನಾನೇ ಮೇಲುಕೋಟೆಯಲ್ಲಿ ತೆಗೆದ ಕ್ಷೀರಪಥದ ಫೋಟೊ ಗೋಡೆಗೆ ಹಾಕಿದ್ದೇನೆ. ಅದಕ್ಕೂ ಇದೇ ಪ್ರಶ್ನೆ. ಇಂಥ ಕಾಲದಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಓದುಗರು ಗುರುತಿಸಬೇಕು. ಬೆಳಕು ನಿಜವಾಗಿ ಬಿದ್ದು ದಾಖಲಾದದ್ದು ಒಂದು. ಭೌತಶಾಸ್ತ್ರದ ನಿಯಮಗಳಿಂದ ಲೆಕ್ಕ ಹಾಕಿದ್ದು, ಬೇರೆಯವರು ಪರೀಕ್ಷೆ ಮಾಡಬಹುದಾದದ್ದು ಇನ್ನೊಂದು. ಚೆಂದ ಕಾಣಲಿ ಎಂದು ಕಲ್ಪಿಸಿ ಬಿಡಿಸಿದ್ದು ಮೂರನೆಯದು. ಎರಡನೆಯದನ್ನು ಮೊದಲನೆಯದು ಎಂದು ಹೇಳಿದರೆ, ಗೊತ್ತಾದ ದಿನ ಓದುಗ ಅದನ್ನು ಮೂರನೆಯದಕ್ಕೆ ಸೇರಿಸಿಬಿಡುತ್ತಾನೆ. ವರ್ಷಗಟ್ಟಲೆ ದುಡಿದವರ ಲೆಕ್ಕ ಆಗ ಕಟ್ಟುಕಥೆ ಅನ್ನಿಸಿಕೊಳ್ಳುತ್ತದೆ.

ಆಂಡ್ರೊಮಿಡಾದ ಸುದ್ದಿಯನ್ನೇ ತೆಗೆದುಕೊಳ್ಳಿ. ನಾಲ್ಕೈದು ನೂರು ಕೋಟಿ ವರ್ಷಗಳಲ್ಲಿ ಅದು ಕ್ಷೀರಪಥಕ್ಕೆ ಡಿಕ್ಕಿ ಹೊಡೆಯುವುದು ಖಚಿತ ಎಂದು ಎಷ್ಟು ಸಲ ಚಿತ್ರ ಸಮೇತ ಓದಿದ್ದೇವೆ! 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳತೆಗಳಲ್ಲಿರುವ ಅನುಮಾನವನ್ನೆಲ್ಲ ಸೇರಿಸಿ ಒಂದು ಲಕ್ಷ ಸಿಮ್ಯುಲೇಶನ್ ಮಾಡಿದರು. ಮುಂದಿನ 1000 ಕೋಟಿ ವರ್ಷಗಳಲ್ಲಿ ಎರಡೂ ಸೇರಿಹೋಗುವ ಸಾಧ್ಯತೆ ಅರ್ಧಕ್ಕರ್ಧ ಎಂದು ಬಂತು. ಹಿಂದಿನವರು ಸುಳ್ಳು ಹೇಳಿರಲಿಲ್ಲ. ಒಳಗೆ ಹಾಕಿದ ಅಳತೆ ಬದಲಾಯಿತು, ಪಕ್ಕದ ಗೆಲಾಕ್ಸಿಗಳ ಸೆಳೆತವನ್ನೂ ಲೆಕ್ಕಕ್ಕೆ ತೆಗೆದುಕೊಂಡರು, ಉತ್ತರ ಬದಲಾಯಿತು. ಮೊದಲ ಚಿತ್ರಗಳ ಕೆಳಗೆ ‘ಲೆಕ್ಕದ ಚಿತ್ರ’ ಎಂದಿದ್ದರೆ ಓದುಗರಿಗೆ ಇದು ಸಹಜವಾಗಿ ಅರ್ಥವಾಗುತ್ತಿತ್ತು.

ಇಂಥ ಚಿತ್ರಗಳು ಇನ್ನು ಮುಂದೆ ಜಾಸ್ತಿಯೇ ಬರುತ್ತವೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿದೆ. 8.4 ಮೀಟರ್ ಕನ್ನಡಿ, 3200 ಮೆಗಾಪಿಕ್ಸೆಲ್ ಕ್ಯಾಮೆರಾ. ಹತ್ತು ವರ್ಷ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ತೆಗೆದು ಒಂದರ ಮೇಲೊಂದು ಸೇರಿಸಿದಾಗ ಈ ಮಂಕು ಬೆಳಕು ಎಷ್ಟೋ ಗುಂಪುಗಳಲ್ಲಿ ಎದ್ದು ಬರುತ್ತದೆ. ಅದರ ಪಕ್ಕಕ್ಕೆ ಸಿಮ್ಯುಲೇಶನ್ ಚಿತ್ರಗಳೂ ಬರುತ್ತವೆ. ನಮ್ಮ ಊರಿಗೂ ಇದು ದೂರದ ಮಾತಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಮೈಸೂರು ವಿಶ್ವವಿದ್ಯಾನಿಲಯ ಸೇರಿ ರೂಪಿಸಿದ ಕಾಸ್ಮಾಸ್ ತಾರಾಲಯಕ್ಕೆ 2022ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿದ್ದಿತ್ತು. ಅಲ್ಲಿನ ಗುಮ್ಮಟದ ಮೇಲೆ ಗೆಲಾಕ್ಸಿಗಳನ್ನು ತೋರಿಸುವಾಗಲೂ ಯಾವುದು ತೆಗೆದದ್ದು, ಯಾವುದು ಲೆಕ್ಕ ಹಾಕಿದ್ದು ಎಂದು ಕನ್ನಡದಲ್ಲಿ ಮಕ್ಕಳಿಗೆ ಹೇಳಲಿ ಎಂಬುದು ನನ್ನ ಆಸೆ.

ತಮ್ಮಲ್ಲಿ ಕೇಳುವುದು ಇಷ್ಟು. ಆಕಾಶದ ಚಿತ್ರ ಹಾಕುವಾಗ ಕೆಳಗೆ ಒಂದು ಸಾಲು ಜಾಸ್ತಿ ಇರಲಿ. ಫೋಟೊ ಆದರೆ ಯಾವ ದೂರದರ್ಶಕ, ಬಣ್ಣ ಆಮೇಲೆ ಹಚ್ಚಿದ್ದಾ ಎಂದು ಹಾಕಿ. ಸಿಮ್ಯುಲೇಶನ್ ಆದರೆ ಯಾವ ಸಿಮ್ಯುಲೇಶನ್, ಒಂದು ಚುಕ್ಕಿ ಎಷ್ಟು ಸೂರ್ಯರಿಗೆ ಸಮ, ಆಕಾಶದ ಹೊಳಪು ಸೇರಿಸಿದ್ದಾರಾ ಇಲ್ಲವಾ ಎಂದು ಹಾಕಿ. ಹತ್ತು ಹದಿನೈದು ಪದಗಳಲ್ಲಿ ಮುಗಿಯುತ್ತದೆ.

ಅಕ್ಕನ ಮಗಳು ಮಾಡಿದ ಎರಡು ಚಿತ್ರಗಳನ್ನು, ಅಂದರೆ ಕೊಳೆ ಮಾಡುವ ಮುಂಚಿನದು ಮತ್ತು ಆಮೇಲಿನದು, ಈ ಪತ್ರದ ಜೊತೆ ಕಳಿಸಿದ್ದೇನೆ. ಸಿಮ್ಯುಲೇಶನ್ನಿನ ಹೆಸರು ಮತ್ತು ಗುಂಪಿನ ನಂಬರ್ ಹಿಂದೆ ಬರೆದಿದೆ. ಜಾಗ ಇದ್ದರೆ ಎರಡನ್ನೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಹಾಕಿ. ಎರಡನೆಯದು ಬಹಳ ಮಂಕಾಗಿದೆ ಎಂದು ಅಚ್ಚಿಗೆ ಹೋಗುವ ಮುಂಚೆ ಯಾರಾದರೂ ಬ್ರೈಟ್‌ನೆಸ್ ಏರಿಸಬಹುದು. ದಯವಿಟ್ಟು ಏರಿಸಬೇಡಿ. ಓದುಗರು ಏನಾದರೂ ಕೇಳಿದರೆ ಉತ್ತರ ಬರೆಯಲು ಅವಳು ಒಪ್ಪಿದ್ದಾಳೆ.

ಇಂತಿ,
ಒಬ್ಬ ಸ್ಟುಡಿಯೊ ಫೋಟೊಗ್ರಾಫರ್,
ಮಂಡ್ಯ